ಇಟಲಿಯ ಹಳೆ ಕಂಚಿನ ಮರ್ಕ್ಯುರಿ ಮೂರ್ತಿ ಅಂತಾರ, ತಗೋಬಹುದಾ?

ಕೋಟೆ_ಕೆಳಗೆ:
ನಮಸ್ಕಾರ್ರಿ ಎಲ್ಲಾರ್ಗೂ. ಬಳ್ಳಾರಿ ಕೌಲ್ ಬಜಾರ್ ಕಡೆ ಹಳೆ ಸಾಮಾನು ಮಾರೋ ಒಬ್ರ ಹತ್ರ ಮೊಳದೆತ್ತರದ ಕಂಚಿನ ಮೂರ್ತಿ ಐತಿ, ಮೈಮ್ಯಾಲೆ ಬಟ್ಟಿ ಇಲ್ಲ, ತಲಿಮ್ಯಾಲೆ ರೆಕ್ಕೆ ಟೋಪಿ, ಕಾಲಿಗೂ ರೆಕ್ಕೆ, ಕೈಯಾಗ ಹಾವು ಸುತ್ತಿದ ಕೋಲು, ಒಂದೇ ಕಾಲ ತುದಿಮ್ಯಾಲೆ ನಿಂತಾನ, ಕೆಳಗೊಂದು ಮುಖ ಗಾಳಿ ಊದಾಕತ್ತೈತಿ. ರೋಮನ್ನರ ದೇವ್ರು ಮರ್ಕ್ಯುರಿ, ನಾನೂರು ವರ್ಷದ್ದು, ಮಹಾಯುದ್ಧದ ಟೈಮಿನ್ಯಾಗ ಇಲ್ಲಿದ್ದ ಇಟಲಿ ಕೈದಿ ಬಿಟ್ಟುಹೋಗಿದ್ದು ಅಂತಾರ. ಎರಡೂವರೆ ಲಕ್ಷ ಕೇಳ್ತಾರ, ಫೋಟೋ ತೆಗಿಯಾಕ ಬಿಡವಲ್ರು.

ಎರಕದ_ಹುಚ್ಚ:
ಇದು ಫ್ಲಾರೆನ್ಸ್‌ನಾಗ ಕೆಲಸ ಮಾಡಿದ ಶಿಲ್ಪಿ ಜಾಂಬೊಲೊನ್ಯನ ಮರ್ಕ್ಯುರಿ ಡಿಸೈನೇ. ಅವನ ದೊಡ್ಡ ಮೂರ್ತಿ, 1580ರ ಸುಮಾರಿಂದು, ಫ್ಲಾರೆನ್ಸ್‌ನ ಬಾರ್ಜೆಲ್ಲೊ ಮ್ಯೂಸಿಯಂನಾಗ ಐತಿ, ಗಾಳಿ ಊದೋ ಮುಖ ಸೈತ ಅದ್ರಾಗೈತಿ. ಅವನ ವರ್ಕ್‌ಶಾಪ್‌ನಾಗ ಸಣ್ಣವನ್ನೂ ಎರಕ ಹೊಯ್ದಾರ, ಫ್ಲಾರೆನ್ಸ್ ಆಳ್ತಿದ್ದ ಮೆಡಿಚಿ ಮನೆತನದವ್ರು ಅಂಥವನ್ನ ದೊಡ್ಡ ದೊಡ್ಡ ದೊರೆಗಳಿಗೆ ಗಿಫ್ಟ್ ಕಳಸ್ತಿದ್ರು. ಆದ್ರ 19ನೇ ಶತಮಾನದಾಗ ಇಟಲಿ, ಫ್ರಾನ್ಸ್ ಫೌಂಡ್ರಿಗಳು ಇದನ್ನೇ ರಾಶಿಗಟ್ಲೆ ಮಾಡಿ ಟೂರಿಸ್ಟ್‌ಗಳಿಗೆ ಮಾರಿದ್ವು, ಹಂಗಾಗಿ ಡಿಸೈನ್ ಹಳೇದಾದ್ರ ಮೂರ್ತಿ ಹಳೇದು ಅಂತಲ್ಲ. ಬುಡ ತಿರುವಿ ನೋಡ್ರಿ, ಹಳೆ ಗೀರು ಇದ್ದಲ್ಲಿ ಬೂದುಬಿಳಿ ಕಂಡ್ರ ಅದು ಜಿಂಕ್, ಕಂಚಲ್ಲ. ಮ್ಯಾಗ್ನೆಟ್ ಹಿಡೀಲಿಲ್ಲ ಅಂತ ಖುಷಿ ಪಡಬ್ಯಾಡ್ರಿ, ಜಿಂಕ್‌ಗೂ ಹಿಡಿಯಂಗಿಲ್ಲ, ಹಿತ್ತಾಳಿಗೂ ಹಿಡಿಯಂಗಿಲ್ಲ.

ತುಂಗಭದ್ರಾ_ದಂಡೆ:
ಬಳ್ಳಾರ್ಯಾಗ ಇಟಲಿ ಕೈದಿಗಳ ಕ್ಯಾಂಪ್ ಇದ್ದಿದ್ದು ಖರೆ, ಆದ್ರ ಯುದ್ಧದಾಗ ಸಿಕ್ಕಿಬಿದ್ದ ಸಿಪಾಯಿ ಮೊಳದುದ್ದ ಕಂಚು ಹೊತ್ಕೊಂಡು ಬಂದ್ನೇನ್ರಿ? ಕಂಟೋನ್ಮೆಂಟ್ ಸಾಹೇಬ್ರ ಬಂಗ್ಲೆದು ಅಂದಿದ್ರ ಒಂದೀಟು ನಂಬ್ತಿದ್ದೆ. ಅದಿರ್ಲಿ, 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪದ ವ್ಯಾಪಾರಕ್ಕ ಲೈಸೆನ್ಸ್ ಬೇಕು, ಖಾಸಗಿಯವ್ರು ಹೊರದೇಶಕ್ಕ ಕಳಿಸಂಗಿಲ್ಲ. ಲೈಸೆನ್ಸ್ ತೋರಸ್ರಿ, ನಾನೂರು ವರ್ಷ ಅಂತ ಬಿಲ್‌ನಾಗ ಬರಕೊಡ್ರಿ ಅನ್ರಿ, ಮುಖ ನೋಡಿದ್ರ ಗೊತ್ತಾಗ್ತತಿ. ಮರ್ಕ್ಯುರಿ ವ್ಯಾಪಾರಸ್ತರಿಗಷ್ಟೇ ಅಲ್ಲ, ಕಳ್ಳರಿಗೂ ದೇವ್ರು ಮತ್ತ 😄

ಕೋಟೆ_ಕೆಳಗೆ:
ಇವತ್ತು ಹೋಗಿದ್ದೆ. ಬುಡಕ್ಕ ಹಸಿರು ಬಟ್ಟಿ ಅಂಟಿಸ್ಯಾರ, ಕೀಳಾಕ ಒಪ್ಪವಲ್ರು. ಬಿಲ್ ಮಾತು ತೆಗದ್ರ ಬಿಲ್ ಯಾಕ್ರಿ ನಮ್ ನಮ್ಮೊಳಗ ಅಂತಾರ, ಒಂದು ಲಕ್ಷಕ್ಕ ಇಳದ್ರು, ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿಕೊಡ್ತೀನಿ ಅಂತ ಬ್ಯಾರೆ.

ಎರಕದ_ಹುಚ್ಚ:
ಅಯ್ಯೋ ತಿಕ್ಕಾಕ ಬಿಡಬ್ಯಾಡ್ರಿ! ಮೈಮ್ಯಾಲಿನ ಆ ಹಳೆ ಕಂದು ಪದರ ಹೋತಂದ್ರ 19ನೇ ಶತಮಾನದ ಕಾಪಿ ಆಗಿದ್ರೂ ಅದ್ರ ಬೆಲೆ ಹೋತು. ಬುಡ ತೋರಸಂಗಿಲ್ಲ, ಬಿಲ್ ಕೊಡಂಗಿಲ್ಲ ಅನ್ನೋರಿಗೆ ಲಕ್ಷ ಯಾಕ್ ಕೊಡ್ತೀರಿ? ಚಂದ ಐತಿ ಅನ್ನಿಸಿದ್ರ ಶೋಕೇಸ್ ಸಾಮಾನಿನ ರೇಟಿಗೆ ಕೇಳ್ರಿ, ಕೊಟ್ರ ಕೊಟ್ಟಾರು.