ಸಹಾಯ ಬೇಕು: ಕೇಸಿನ ವಿಡಿಯೋ ನೋಡಿ ನೋಡಿ ಕುಗ್ಗಿದ್ದಾರೆ

ನನ್ನ ಯಜಮಾನರು ಪೊಲೀಸ್. ಮಕ್ಕಳ ಮೇಲಿನ ದೌರ್ಜನ್ಯದ ಕೇಸುಗಳಲ್ಲಿ ಹೇಳಿಕೆ ಬರೆದುಕೊಳ್ಳುವುದು, ಸಾಕ್ಷ್ಯದ ವಿಡಿಯೋ ನೋಡುವುದು ಅವರ ಕೆಲಸ. ಈಗೀಗ ನಮ್ಮ ಮಗಳನ್ನು ಎತ್ತಿಕೊಳ್ಳುವುದಕ್ಕೇ ಹಿಂಜರಿಯುತ್ತಾರೆ. ಸ್ನಾನ ಮಾಡಿಸಿ ಅಂದರೆ ಎದ್ದು ಹೊರಗೆ ಹೋಗಿಬಿಡುತ್ತಾರೆ. ರಾತ್ರಿ ಎದ್ದು ಚಿಲಕ ಹಾಕಿದೆಯಾ ಅಂತ ಮತ್ತೆ ಮತ್ತೆ ನೋಡುತ್ತಾರೆ.

"ನನಗೇನೂ ಆಗಿಲ್ವಲ್ಲ, ಬರೀ ನೋಡಿದ್ದು" ಅನ್ನುತ್ತಾರೆ. ಆದರೆ ಕೆಲಸದಲ್ಲಿ ಇಂಥ ವಿವರಗಳನ್ನು ಪದೇ ಪದೇ ನೋಡಿ, ಕೇಳಿಯೂ ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಬರಬಹುದು ಅಂತ, ಮಾನಸಿಕ ಕಾಯಿಲೆ ಗುರುತಿಸಲು ಡಾಕ್ಟರುಗಳು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯೇ ಹೇಳುತ್ತದೆ. ಅದರಲ್ಲಿ ಉದಾಹರಣೆ ಕೊಟ್ಟಿರುವುದೇ ಇಂಥ ಪೊಲೀಸರನ್ನು!

ಡಾಕ್ಟರ ಹತ್ತಿರ ಹೋದರೆ ಬಡ್ತಿ ನಿಲ್ಲುತ್ತೆ ಅನ್ನೋ ಭಯ ಅವರಿಗೆ. ಇಲಾಖೆಯ ಹೊರಗೆ, ಗುಟ್ಟು ಕಾಯುವ, ಪೊಲೀಸ್ ಕೆಲಸ ಅರ್ಥವಾಗುವ ಆಪ್ತಸಮಾಲೋಚಕರನ್ನು ಹುಡುಕುವುದು ಹೇಗೆ? ಇದೇ ಕೆಲಸ ಮಾಡಿ ಚಿಕಿತ್ಸೆ ಪಡೆದವರು ಯಾರಾದರೂ ಇದ್ದರೆ ದಯವಿಟ್ಟು ಮೆಸೇಜ್ ಮಾಡಿ. ಅವರ ಜೊತೆ ಒಂದು ಸಲ ಮಾತಾಡಿದರೆ ಸಾಕು.