ಬಡಾವಣೆಯ ಪಾರ್ಕ್ ಜಾಗಕ್ಕೆ ಸಣ್ಣ ಮೊತ್ತದ ನೆರವು: ಯಾರನ್ನು ಕೇಳಬೇಕು, ಏನೆಂದು ಕೇಳಬೇಕು?

ಪ್ರಶ್ನೆ (ನಿವೃತ್ತ ಶಿಕ್ಷಕಿ, ಚಿತ್ರದುರ್ಗ)

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ, 60 ಅಡಿ ಅಗಲ 100 ಅಡಿ ಉದ್ದದ, ಎಂದರೆ ಸುಮಾರು ಐದೂವರೆ ಗುಂಟೆಯ ಒಂದು ಜಾಗವಿದೆ. ಅಲ್ಲಿ ಈಗ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿದೆ. ಮನೆ ಕಟ್ಟುವವರು ಉಳಿದ ಇಟ್ಟಿಗೆ ಚೂರು, ಕಾಂಕ್ರೀಟ್ ಗಟ್ಟಿಗಳನ್ನು ರಾತ್ರೋರಾತ್ರಿ ಅಲ್ಲಿ ಸುರಿದು ಹೋಗುತ್ತಾರೆ. ಸಂಜೆ ಹೊತ್ತು ನಮ್ಮ ಬೀದಿಯ ಹಿರಿಯರು ಕೂರಲು ಬೇರೆ ಜಾಗವಿಲ್ಲದೆ ಮೋರಿಯ ಕಟ್ಟೆಯ ಮೇಲೆ ಕೂರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮನೆ ಮನೆಗೆ ಹೋಗಿ 42,000 ರೂಪಾಯಿ ಸಂಗ್ರಹಿಸಿದ್ದೇವೆ. ನೂರು ಸಸಿ, ನಾಲ್ಕು ಕಲ್ಲುಬೆಂಚು, ನಡೆದಾಡುವ ದಾರಿ ಮತ್ತು ತಂತಿಬೇಲಿ ಸೇರಿಸಿ 3 ಲಕ್ಷ ರೂಪಾಯಿಯ ಯೋಜನೆ ಬರೆದು ಒಂದು ಕಂಪನಿಯ ಪ್ರತಿಷ್ಠಾನಕ್ಕೆ ಕಳುಹಿಸಿದೆವು. ನಾಲ್ಕು ತಿಂಗಳ ಬಳಿಕ "ಅರ್ಹತೆ ಇಲ್ಲ" ಎಂಬ ಒಂದೇ ಸಾಲಿನ ಉತ್ತರ ಬಂತು. ಕಾರಣ ತಿಳಿಸಲಿಲ್ಲ. ನಮ್ಮ ಸಂಘ ಇನ್ನೂ ನೋಂದಣಿಯಾಗಿಲ್ಲ. ಹನ್ನೊಂದು ಜನರ ಸಮಿತಿಯಿದೆ, ಅಷ್ಟೆ. ಇಷ್ಟು ಸಣ್ಣ ಕೆಲಸಕ್ಕೆ ಹಣ ಕೊಡುವವರು ಯಾರು, ಅವರ ಬಳಿ ಹೋಗುವ ಮುನ್ನ ನಾವು ಏನೇನು ಸಿದ್ಧ ಮಾಡಿಕೊಳ್ಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ನಿವೃತ್ತ ಎಂಜಿನಿಯರ್, ತುಮಕೂರು)

ಮೇಡಂ, ಹಣದ ಮಾತಿಗೆ ಮೊದಲು ಜಾಗದ ಕಾಗದ ನೋಡಿ. ಖಾಸಗಿಯವರು ಮಾಡಿದ ಬಡಾವಣೆಯಾದರೆ, ಮಂಜೂರಾದ ನಕ್ಷೆಯಲ್ಲಿ ಆ ಜಾಗವನ್ನು ಉದ್ಯಾನವೆಂದೇ ಗುರುತಿಸಲಾಗಿದೆಯೇ ಮತ್ತು ಬಡಾವಣೆ ಮಾಡಿದವರು ಅದನ್ನು ನೋಂದಾಯಿತ ಪತ್ರದ ಮೂಲಕ ಸರ್ಕಾರಿ ಸಂಸ್ಥೆಗೆ ಬಿಟ್ಟುಕೊಟ್ಟಿದ್ದಾರೆಯೇ ಎಂಬ ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳದೆ ಒಂದು ಸಸಿಯನ್ನೂ ನೆಡಬೇಡಿ. ನಕ್ಷೆಯ ದೃಢೀಕೃತ ಪ್ರತಿಯನ್ನು ಮಾಹಿತಿ ಹಕ್ಕು ಅರ್ಜಿಯ ಮೂಲಕ ಪಡೆಯಬಹುದು. ಬಳಿಕ ಪೌರಾಯುಕ್ತರಿಗೆ ಪತ್ರ ಬರೆದು, 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆ ಹಾಗೂ ನಿಯಂತ್ರಣ ಅಧಿನಿಯಮದಡಿ ಸಿದ್ಧಪಡಿಸುವ ಪಟ್ಟಿಯಲ್ಲಿ ನಿಮ್ಮ ಜಾಗ ಸೇರಿದೆಯೇ ಎಂದು ಕೇಳಿ, ಲಿಖಿತ ಹಿಂಬರಹವನ್ನೇ ಪಡೆದುಕೊಳ್ಳಿ. ಸೇರಿಲ್ಲವಾದರೆ ಸೇರಿಸಬೇಕೆಂದು ಅದೇ ಅರ್ಜಿಯಲ್ಲಿ ಕೋರಿ. ಟಪಾಲು ವಿಭಾಗದ ಮೊಹರು ಬಿದ್ದ ಪ್ರತಿಯನ್ನು ಜೋಪಾನವಾಗಿಡಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಂ ಕಟ್ಟಲು ಹಂಚಿಕೆ ಮಾಡಿದಾಗ, ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಸುಪ್ರೀಂ ಕೋರ್ಟು 1991ರಲ್ಲಿ ಆ ಹಂಚಿಕೆ ನಿಲ್ಲುವುದಿಲ್ಲವೆಂದು ತೀರ್ಪಿತ್ತಿತು; ಬಡಾವಣೆಯಲ್ಲಿ ವಾಸಿಸುವವರಿಗೆ ತಮ್ಮ ಉದ್ಯಾನದ ಬಗ್ಗೆ ನ್ಯಾಯ ಕೇಳುವ ಅಧಿಕಾರವಿದೆ ಎಂಬುದನ್ನೂ ಒಪ್ಪಿತು. ನಕ್ಷೆಯಲ್ಲಿ ಹಸಿರು ಬಣ್ಣ ತುಂಬಿದ ಆ ಚೌಕಕ್ಕೆ ಅಷ್ಟು ಬೆಲೆಯಿದೆ.

ಇನ್ನು ಹಣದ ವಿಷಯ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಹಾಗೂ ಸಂಸದರ ನಿಧಿಗಳಿಂದ ಬೇಲಿ, ಕೊಳವೆಬಾವಿ, ನಡಿಗೆ ದಾರಿಯಂತಹ ಬಾಳಿಕೆ ಬರುವ ಕಾಮಗಾರಿಗಳನ್ನು ಕೇಳಬಹುದು. ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ ಇರುವುದರಿಂದ ನಿಮ್ಮ ಮೊತ್ತ ದೊಡ್ಡದೇನಲ್ಲ. ಆದರೆ ಆ ಹಣ ನಿಮ್ಮ ಸಂಘದ ಕೈಗೆ ಬರುವುದಿಲ್ಲ; ಜನಪ್ರತಿನಿಧಿಗಳು ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಂಜೂರು ಮಾಡಿ ಅನುಷ್ಠಾನ ಇಲಾಖೆಗೆ ಕೊಡುತ್ತದೆ. ನಿರ್ವಹಣೆಗೆ ಅದರಲ್ಲಿ ಬಿಡಿಗಾಸೂ ಸಿಗುವುದಿಲ್ಲ. ಆದ್ದರಿಂದ ಬೇಲಿಯನ್ನು ಅಲ್ಲಿ ಕೇಳಿ, ನೀರು ಮತ್ತು ಆರೈಕೆಯ ಖರ್ಚನ್ನು ಬೇರೆ ಕಡೆ ಹುಡುಕಿ.

ಉತ್ತರ (ಸ್ವಯಂಸೇವಾ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗ, ಹುಬ್ಬಳ್ಳಿ)

ನಿಮಗೆ ಬಂದ ಉತ್ತರದ ಕಾರಣವನ್ನು ನಾನು ಊಹಿಸಬಲ್ಲೆ. ಕಂಪನಿಯೊಂದು ತನ್ನ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿಯನ್ನು ಹೊರಗಿನ ಸಂಸ್ಥೆಯ ಮೂಲಕ ಖರ್ಚು ಮಾಡಬೇಕಾದರೆ, ಸ್ವತಂತ್ರವಾದ ಆ ಸಂಸ್ಥೆ ನೋಂದಾಯಿತ ಸಂಘವೋ ಟ್ರಸ್ಟೋ ಆಗಿರಬೇಕು, ಆದಾಯ ತೆರಿಗೆಯ 12ಎ ಮತ್ತು 80ಜಿ ಎಂದು ಕರೆಯುವ ನೋಂದಣಿ (ಮೊದಲನೆಯದು ಸಂಸ್ಥೆಯ ಆದಾಯಕ್ಕೆ, ಎರಡನೆಯದು ದಾನಿಗಳಿಗೆ ತೆರಿಗೆ ವಿನಾಯಿತಿ) ಹೊಂದಿರಬೇಕು, ಅಂತಹ ಕೆಲಸದಲ್ಲಿ ಕನಿಷ್ಠ ಮೂರು ವರ್ಷಗಳ ಅನುಭವವಿರಬೇಕು. 2021ರ ಏಪ್ರಿಲ್ 1ರಿಂದ, ಅಂತಹ ಸಂಸ್ಥೆಗಳ ನೋಂದಣಿ ಅರ್ಜಿಯಾದ ಸಿಎಸ್‌ಆರ್-1 ನಮೂನೆಯನ್ನೂ ಸಲ್ಲಿಸಿರಬೇಕು. ನೋಂದಣಿಯೇ ಇಲ್ಲದ ಸಮಿತಿಗೆ ಕೊಡಲು ಅವರಿಗೆ ಮನಸ್ಸಿದ್ದರೂ ಕಾನೂನಿನ ದಾರಿಯಿಲ್ಲ. ಅದನ್ನು ಎರಡು ಸಾಲಿನಲ್ಲಿ ತಿಳಿಸದೆ ನಾಲ್ಕು ತಿಂಗಳು ಕಾಯಿಸಿದ್ದು ಮಾತ್ರ ಸರಿಯಲ್ಲ.

ಹಾಗೆಂದು ಕೈಚೆಲ್ಲಬೇಡಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ನಿಮ್ಮಲ್ಲಿ ಹನ್ನೊಂದು ಜನರಿದ್ದೀರಿ. ಮೂರು ವರ್ಷ ತುಂಬುವವರೆಗೆ, ಅರ್ಹತೆಯಿರುವ ಸ್ಥಳೀಯ ಟ್ರಸ್ಟೊಂದರ ಜೊತೆ ಸೇರಿ ಅರ್ಜಿ ಹಾಕಿ, ಇಲ್ಲವೇ ಕಂಪನಿಯೇ ನೇರವಾಗಿ ಬೆಂಚು, ನೀರಿನ ತೊಟ್ಟಿ, ಪೈಪುಗಳನ್ನು ಕೊಂಡು ಹಾಕಿಸಿಕೊಡಲಿ ಎಂದು ಕೇಳಿ. ನೇರವಾಗಿ ಖರ್ಚು ಮಾಡಲು ಕಂಪನಿಗೆ ಅಡ್ಡಿಯಿಲ್ಲ.

ಹೆಚ್ಚಿನವರು ಬಳಸದ ಒಂದು ಅವಕಾಶವನ್ನು ಇಲ್ಲಿ ಹೇಳಲೇಬೇಕು. ಸಿಎಸ್‌ಆರ್ ನಿಯಮಗಳಲ್ಲಿ "ಮುಂದುವರಿಯುವ ಯೋಜನೆ" ಎಂಬುದಿದೆ. ಆರಂಭವಾದ ಆರ್ಥಿಕ ವರ್ಷವನ್ನು ಬಿಟ್ಟು ಮುಂದಿನ ಮೂರು ವರ್ಷಗಳವರೆಗೆ ಅದಕ್ಕೆ ಹಣ ತೆಗೆದಿಡಬಹುದು. ನಿಮ್ಮ ಅರ್ಜಿಯನ್ನು "ಸಸಿ ನೆಡುವ ಕಾರ್ಯಕ್ರಮ" ಎಂದು ಬರೆಯದೆ, "ಮೂರು ಬೇಸಿಗೆಗಳ ಆರೈಕೆಯೊಂದಿಗೆ ಉದ್ಯಾನ ನಿರ್ಮಾಣ" ಎಂದು ಬರೆದು, ವರ್ಷವಾರು ಅಂದಾಜು ಪಟ್ಟಿ ಲಗತ್ತಿಸಿ. ಆರ್ಥಿಕ ವರ್ಷದ ಮೊದಲ ತಿಂಗಳುಗಳಲ್ಲೇ ಅರ್ಜಿ ಕೊಡಿ. ಫೆಬ್ರುವರಿಯಲ್ಲಿ ಹೋದರೆ ಮಾರ್ಚ್ 31ರೊಳಗೆ ಮುಗಿಯುವ ಕೆಲಸಕ್ಕಷ್ಟೇ ಹಣ ಸಿಗುವ ಸಾಧ್ಯತೆ ಹೆಚ್ಚು, ಮತ್ತು ನಮ್ಮ ಬಯಲುಸೀಮೆಯಲ್ಲಿ ಮಾರ್ಚ್ ತಿಂಗಳು ಸಸಿ ನೆಡುವ ಕಾಲವಲ್ಲ.

ಉತ್ತರ (ರೈತ, ಹಿರಿಯೂರು ತಾಲ್ಲೂಕು)

ಅಮ್ಮಾ, ನಾನು ಗಿಡದ ಬಗ್ಗೆ ಮಾತ್ರ ಹೇಳುತ್ತೇನೆ. ಆ ಜಾಗಕ್ಕೆ ನೂರು ಸಸಿ ಬೇಡ. ಸುತ್ತಳತೆ 320 ಅಡಿ. 15 ಅಡಿಗೊಂದರಂತೆ ಅಂಚಿನಲ್ಲಿ ನೆಟ್ಟರೆ 21 ಮರ, ನಡುವೆ ನೆರಳಿಗೆ ನಾಲ್ಕು, ಒಟ್ಟು 25. ಒಂದೊಂದಕ್ಕೆ ವಾರಕ್ಕೆರಡು ಬಾರಿ 20 ಲೀಟರ್ ಹಾಕಿದರೆ ವಾರಕ್ಕೆ 1,000 ಲೀಟರ್ ನೀರು ಬೇಕು. ಫೆಬ್ರುವರಿಯಿಂದ ಮೇ ಕೊನೆಯವರೆಗೆ 17 ವಾರ, ಅಂದರೆ 17,000 ಲೀಟರ್. 5,000 ಲೀಟರಿನ ಟ್ಯಾಂಕರ್ ನಾಲ್ಕು ಸಲ ಬಂದರೆ ಒಂದು ಬೇಸಿಗೆ ಕಳೆಯುತ್ತದೆ. ನೂರು ಸಸಿಗಾದರೆ ಇದರ ನಾಲ್ಕು ಪಟ್ಟು ಬೇಕು, ಅದನ್ನು ನಿಮ್ಮ ಬೀದಿಯವರು ಮೂರು ವರ್ಷ ಭರಿಸಲಾರರು.

ನಮ್ಮೂರ ಶಾಲೆಯ ಆವರಣದಲ್ಲಿ ದಾನಿಗಳ ಹಣದಿಂದ ಎಂಬತ್ತು ಸಸಿ ನೆಟ್ಟಿದ್ದೆವು. ಮೊದಲ ಬೇಸಿಗೆಯಲ್ಲಿ ಮಕ್ಕಳು ಬಾಟಲಿಗಳಲ್ಲಿ ನೀರು ತಂದು ಹಾಕಿ ಉಳಿಸಿದರು. ಎರಡನೆಯ ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಗೆ ಕೊಡಲು ಹಣವಿರಲಿಲ್ಲ. ಜೂನ್ ಮೊದಲ ವಾರ ಒಂದೊಂದೇ ಸಸಿಯ ಬಳಿ ಕೂತು ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಒಳಗೆ ಹಸಿರಿದ್ದದ್ದು ಹನ್ನೆರಡರಲ್ಲಿ ಮಾತ್ರ. ಬುಡದ ಮಣ್ಣು ಬೆರಳು ಇಳಿಯುವಷ್ಟು ಬಾಯಿ ಬಿಟ್ಟಿತ್ತು. ಉಳಿದವನ್ನು ಕಿತ್ತ ಆ ದಿನವನ್ನು ನಾನು ಮರೆತಿಲ್ಲ.

ಹೊಂಗೆ, ಬೇವು, ಕಕ್ಕೆ ನೆಡಿ. ಜೋಗಿಮಟ್ಟಿಯ ಕಾಡಿನಲ್ಲಿರುವ ಕಮರ ನಮ್ಮ ಕಲ್ಲುನೆಲಕ್ಕೆ ಒಗ್ಗಿದ ಮರ. ನಿಧಾನವಾಗಿ ಬೆಳೆದರೂ ಬೇರು ಆಳಕ್ಕೆ ಇಳಿಸುತ್ತದೆ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ಬೆಲೆಗೆ ಸಸಿ ಸಿಗುತ್ತವೆ, ಅದಕ್ಕೆ ಅನುದಾನ ಹುಡುಕಬೇಕಿಲ್ಲ. ಸುರಿದ ಕಾಂಕ್ರೀಟನ್ನು ಪೂರ್ತಿ ತೆಗೆಸಿ, ಮೇ ತಿಂಗಳಲ್ಲೇ ಗುಂಡಿ ತೋಡಿ ಬಿಸಿಲಿಗೆ ಬಿಡಿ, ಕೆರೆಗೋಡು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿಸಿ, ಮುಂಗಾರಿನ ಎರಡು ಹದ ಮಳೆಯಾದ ಮೇಲೆ ನೆಡಿ. ಪ್ರತಿ ಸಸಿಯ ಪಕ್ಕ, ತಳದಲ್ಲಿ ಸಣ್ಣ ತೂತು ಮಾಡಿ ಬತ್ತಿ ತೂರಿಸಿದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತಿಟ್ಟರೆ, ಮೇಲೆ ಸುರಿದು ಆವಿಯಾಗುವ ನೀರು ಬೇರಿಗೇ ಇಳಿಯುತ್ತದೆ. ಬಾಯಿಗೆ ಮುಚ್ಚಳವಿರಲಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆಯಿಡುತ್ತವೆ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಇಷ್ಟು ದಿನ ನಾವು 3 ಲಕ್ಷದ ಲೆಕ್ಕ ಹಾಕುತ್ತಿದ್ದೆವೇ ಹೊರತು, ಅದರಲ್ಲಿ ನೀರಿಗೆಂದು ಒಂದು ಸಾಲನ್ನೂ ಬರೆದಿರಲಿಲ್ಲವೆಂಬುದು ಈಗ ಕಣ್ಣಿಗೆ ಬಿತ್ತು. ಭಾನುವಾರ ಸಭೆ ಸೇರಿ, ನೂರು ಸಸಿಯ ಬದಲು ಇಪ್ಪತ್ತೈದು ಎಂದು ತೀರ್ಮಾನಿಸಿ ಠರಾವು ಬರೆದೆವು. ಕೈಯಲ್ಲಿರುವ 42,000 ರೂಪಾಯಿಯನ್ನು ಸಸಿಗೆ ಮುಟ್ಟಿಸದೆ, ಮೂರು ಬೇಸಿಗೆಯ ಟ್ಯಾಂಕರ್ ಮತ್ತು ನೀರು ಹಾಕುವವರ ಕೂಲಿಗೆಂದು ಪ್ರತ್ಯೇಕ ಖಾತೆಯಲ್ಲಿಡಲು ಎಲ್ಲರೂ ಒಪ್ಪಿದರು. ಬೇಲಿಗಾಗಿ ಶಾಸಕರಿಗೆ ಕೊಡುವ ಮನವಿ ಸಿದ್ಧವಾಗಿದೆ. ನಕ್ಷೆಯ ಪ್ರತಿಗಾಗಿ ಸೋಮವಾರ ಮಾಹಿತಿ ಹಕ್ಕು ಅರ್ಜಿ ಸಲ್ಲಿಸಿದ್ದೇನೆ. 30 ದಿನಗಳೊಳಗೆ ಉತ್ತರ ಬರಬೇಕು, ಬಂದ ಕೂಡಲೇ ಅದರಲ್ಲಿರುವುದನ್ನು ಇಲ್ಲಿ ಬರೆಯುತ್ತೇನೆ.