ಕೋಲಾರಮ್ಮನ ಕೆರೆ ಕಡೆ ಮನೆ ಕೊಳ್ಳಬಹುದಾ? ಅಲ್ಲಿದ್ದವರು ಅನುಭವ ಹೇಳಿ

ಊರಿಗೆ ಹೊಸಬಳು: ನಮ್ಮವರಿಗೆ ನರಸಾಪುರದ ಕಾರ್ಖಾನೆಯಲ್ಲಿ ಕೆಲಸ. ಕೋಲಾರಮ್ಮನ ಕೆರೆ ಹತ್ತಿರ 30x40ರಲ್ಲಿ ಒಂದು ಹಳೇ ಮನೆ ನೋಡಿದ್ದೇವೆ. ಬೆಳಗ್ಗೆ ಹೋಗಿದ್ದೆವು, ಗಾಳಿ ಚೆನ್ನಾಗಿತ್ತು. ಏರಿಯಾ ಹೇಗೆ, ಜನ ಹೇಗೆ, ಹಿಂದಿನ ಕತೆ ಏನು? ಮಗಳಿಗೆ ಆಸ್ತಮಾ ಇದೆ, ಅದನ್ನೂ ನೋಡಿ ಹೇಳಿ.

ಟೊಮೇಟೊ ಮಂಡಿ: ಅಕ್ಕಾ, ಗಾಳಿ ನೋಡಿ ಮನೆ ಕೊಳ್ಳಬೇಡಿ. ನಾನು ಕೊಂಡು ಅನುಭವಿಸಿದ್ದೇನೆ. 2015ರಲ್ಲಿ ಆ ಕಡೆ ಸೈಟ್ ತಗೊಂಡೆ. ಕೆರೆಯೊಳಗೆ ಆಗ ಬರೀ ಜಾಲಿ ಮುಳ್ಳು. ಮಾರಿದವರು "ನೀರೇ ಇಲ್ಲ, ತೇವ ಎಲ್ಲಿಂದ ಬರುತ್ತೆ ಸಾರ್" ಅಂದರು. ಪಾಯ ತೆಗೆದರೆ ಐದು ಅಡಿಗೂ ಗಟ್ಟಿ ಮಣ್ಣಿಲ್ಲ. ಒಡೆದ ಇಟ್ಟಿಗೆ, ಪ್ಲಾಸ್ಟಿಕ್, ಒಂದು ಸೈಕಲ್ ರಿಮ್. ಒಂಬತ್ತು ಅಡಿ ಇಳಿದೆವು. 2,10,000 ಅಂದುಕೊಂಡ ಪಾಯ 3,85,000ಕ್ಕೆ ನಿಂತಿತು.

ಆಮೇಲೆ ಬೋರು. 1,280 ಅಡಿ. ಕೊರೆದದ್ದಕ್ಕೆ 1,62,000. ಕೇಸಿಂಗ್ 160 ಅಡಿ, ಅಡಿಗೆ 420ರಂತೆ 67,200. ಮೋಟಾರು, ಪ್ಯಾನಲ್, ಪೈಪು ಸೇರಿ 1,38,000. ಕೂಡಿ ನೋಡಿ, 3,67,200. ನೀರು ಬಂದದ್ದು ಏಳು ತಿಂಗಳು. ಎಂಟನೇ ತಿಂಗಳು ಬರೀ ಗಾಳಿ ಉಗುಳಿತು. ಎರಡು ವರ್ಷ ಟ್ಯಾಂಕರ್ ಹಾಕಿಸಿದೆ.

2021ರ ನವೆಂಬರಿನಲ್ಲಿ ಮಳೆ ಹಿಡಿಯಿತಲ್ಲ, ಆಗ ಉಲ್ಟಾ. ಸಂಪಿನೊಳಗೆ ಹೊರಗಿನ ಕೊಳಕು ನೀರು ನುಗ್ಗಿತು. ಗೋಡೆಗೆ ಮೂರಡಿ ತೇವ ಏರಿತು. ಇವತ್ತಿಗೂ ಉಪ್ಪು ಬಿಡುತ್ತದೆ, ಬಣ್ಣ ನಿಲ್ಲುವುದಿಲ್ಲ. ನೀರಿಲ್ಲ ಅಂತ ಅತ್ತದ್ದೂ ಅದೇ ಮನೆ, ನೀರು ಜಾಸ್ತಿ ಅಂತ ಅತ್ತದ್ದೂ ಅದೇ ಮನೆ.

ಏರಿ ಕೆಳಗಿನವನು: ಕೆರೆ ಅಂಗಳದ ಪಕ್ಕ ಮಣ್ಣು ತುಂಬಿಸಿದ ಜಾಗ ತಗೊಂಡು ಕೆರೆಯನ್ನು ಬೈದರೆ ಹೇಗೆ ಅಣ್ಣ? ನಮ್ಮದು ತಾತ ಕಟ್ಟಿದ ಹೆಂಚಿನ ಮನೆ, ಕಲ್ಲಿನ ಪಾಯ, ಒಂದು ಬಿರುಕಿಲ್ಲ. ಮೂರು ಸಲ ಗಿರಾಕಿ ಬಂದರೂ ಕೊಟ್ಟಿಲ್ಲ.

ಅಮ್ಮಾ, ಹಿಂದಿನ ಕತೆ ಕೇಳಿದಿರಿ, ಹೇಳುತ್ತೇನೆ. ಈ ಊರು ಕುವಲಾಲ ಅಂತ ಇದ್ದಾಗ ಗಂಗರಿಗೆ ಮೊದಲ ರಾಜಧಾನಿ. ತಲಕಾಡು ಆಮೇಲಿನದು. ಕೋಲಾರಮ್ಮನ ಗುಡಿಯಲ್ಲಿ 11ನೇ ಶತಮಾನದ ಚೋಳರ ಕೆಲಸ ಇದೆ, ರಾಜೇಂದ್ರ ಚೋಳನ ಶಾಸನ ಇದೆ. ಒಳಗೆ ಚೇಳಮ್ಮ ಇದ್ದಾಳೆ. ಹರಕೆ ಹೊತ್ತರೆ ಚೇಳು ಕಡಿಯುವುದಿಲ್ಲ ಅಂತ ನಂಬಿಕೆ, ಕಾಣಿಕೆಯನ್ನು ನೆಲದ ತೂತಿನ ಹುಂಡಿಗೆ ಹಾಕಬೇಕು. ಹೈದರಾಲಿಯ ತಂದೆ ಫತೇ ಮಹಮ್ಮದನ ಗೋರಿ ಇದೇ ಊರಿನಲ್ಲಿದೆ. 1782ರಲ್ಲಿ ಹೈದರ್ ತೀರಿಕೊಂಡಾಗ ಅವನ ದೇಹವನ್ನೂ ಮೊದಲು ಇಲ್ಲಿಗೇ ತಂದರು, ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಇಂಥ ಜಾಗದಲ್ಲಿ ಸಂಪಿನ ಲೆಕ್ಕ ಹೇಳುತ್ತಾ ಕೂತಿದ್ದೀರಿ!

ಟೊಮೇಟೊ ಮಂಡಿ: ರಾಜೇಂದ್ರ ಚೋಳ ಬಂದು ನನ್ನ ಗೋಡೆಗೆ ಪ್ಲಾಸ್ಟರ್ ಮಾಡುತ್ತಾನಾ?

ಕನ್ನಡದ ಕಟ್ಟಾಳು: ಇತಿಹಾಸ ಸರಿ. ಈಗ ಕೆರೆ ಕಡೆ ಅಂಗಡಿಗೆ ಹೋದರೆ ಒಬ್ಬ ತೆಲುಗು, ಒಬ್ಬ ಉರ್ದು, ಒಬ್ಬ ತಮಿಳು. ಕನ್ನಡ ಕೇಳುವವರೇ ಇಲ್ಲ. ಮೂಲದವರು ಮೂಲೆಗೆ ಹೋದರು.

ಏರಿ ಕೆಳಗಿನವನು: ಯಾವ ಮೂಲ ಸ್ವಾಮಿ? ಗುಡಿಯಲ್ಲಿರುವ ಚೋಳರ ಶಾಸನ ತಮಿಳಿನದು. ನಮ್ಮಜ್ಜಿ ಸೊಪ್ಪಿನವಳ ಹತ್ತಿರ ತೆಲುಗು, ಬಳೆಯವರ ಹತ್ತಿರ ಉರ್ದು, ದೇವರ ಹತ್ತಿರ ಕನ್ನಡ ಮಾತಾಡುತ್ತಿದ್ದರು. ನಿಮಗೆ ಒಂದೇ ಬರುವುದಾದರೆ ಅದು ಕೆರೆಯ ತಪ್ಪಲ್ಲ.

ರೇಷ್ಮೆ ನೂಲು: ಅಜ್ಜಿ ಕತೆ ಕೇಳಲು ಚೆಂದ. ನಮ್ಮದು ನೂಲು ಬಿಚ್ಚುವ ಮನೆತನ, ನಾಲ್ಕು ತಲೆಮಾರು ಇದೇ ಊರು. ಮದುವೆಯಾದ ಮೇಲೆ ಬೇರೆ ಮನೆ ಹುಡುಕಿದೆವು. ಮೂರು ಕಡೆ ಬಾಡಿಗೆ ಮಾತಾಗಿ, ಹೆಸರು ಕೇಳಿದ ಮೇಲೆ "ನೆಂಟರು ಬರುತ್ತಿದ್ದಾರೆ" ಅಂದರು. ಆ ನೆಂಟರು ಆರು ತಿಂಗಳಾದರೂ ಬರಲಿಲ್ಲ, ಬೋರ್ಡು ಹಾಗೇ ನೇತಾಡುತ್ತಿತ್ತು. ಕೊನೆಗೆ ಮನೆ ಕೊಟ್ಟದ್ದು ಒಬ್ಬ ತೆಲುಗು ಅಜ್ಜಿ. ಅಡ್ವಾನ್ಸ್ 50,000 ಕೇಳಿ 30,000ಕ್ಕೆ ಒಪ್ಪಿದರು. ಯುಗಾದಿಗೆ ಒಬ್ಬಟ್ಟು ಅವರ ಮನೆಯಿಂದ, ರಂಜಾನಿಗೆ ಶೀರ್ ಖುರ್ಮಾ ನಮ್ಮ ಮನೆಯಿಂದ. ಎರಡೂ ನಿಜ. ಒಂದನ್ನೇ ಹೇಳಬೇಡಿ.

ಕನ್ನಡದ ಕಟ್ಟಾಳು: ನಾನು ಭಾಷೆ ಬಗ್ಗೆ ಹೇಳಿದ್ದು, ಬಾಡಿಗೆ ಬಗ್ಗೆ ಅಲ್ಲ.

ರೇಷ್ಮೆ ನೂಲು: ನಾನೂ ಕನ್ನಡದಲ್ಲೇ ಬರೆದಿದ್ದೇನೆ ಅಣ್ಣ, ನೋಡಿಕೊಳ್ಳಿ.

ಬೋರು ಬತ್ತಿದ ರೈತ: ಎಲ್ಲರೂ ಮುಖ್ಯ ವಿಷಯ ಬಿಟ್ಟಿದ್ದೀರಿ. ಕೆ.ಸಿ. ವ್ಯಾಲಿ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗೆ ಬಿಟ್ಟರು. ಮೂರನೇ ಹಂತ ಮಾಡಿ ಅಂದರೆ ಕಿವಿಗೆ ಹಾಕಿಕೊಳ್ಳಲಿಲ್ಲ. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಜುಲೈಗೆ ನೊರೆ ಬಂತು. ಹೈಕೋರ್ಟ್ ತಡೆ ಕೊಟ್ಟಿತು.

ನರಸಾಪುರ ಪಂಪ್‌ಸೆಟ್: ತಡೆ ಕೊಟ್ಟದ್ದು ಹೇಳಿದಿರಿ, ತೆಗೆದದ್ದು ಯಾಕೆ ಹೇಳಲಿಲ್ಲ? 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ತಡೆಯಿತು, ಆಮೇಲೆ ಬಿಟ್ಟಿತು. ನನ್ನ ಎರಡು ಬೋರು 1,400 ಅಡಿಗೆ ಸತ್ತಿದ್ದವು. ಒಂದರಲ್ಲಿ ಈಗ ಎರಡೂವರೆ ಇಂಚು ನೀರು. ನಿಮ್ಮ ಹೋರಾಟ ನನ್ನ ಹಸುವಿಗೆ ಮೇವು ಹಾಕುತ್ತಿರಲಿಲ್ಲ.

ಬೋರು ಬತ್ತಿದ ರೈತ: ಆ ನೀರನ್ನು ನೀವು ಕುಡಿಯುತ್ತೀರಾ?

ನರಸಾಪುರ ಪಂಪ್‌ಸೆಟ್: ಟೊಮೇಟೊ ಕುಡಿಯುತ್ತೆ. ಅದನ್ನು ನೀವು ತಿನ್ನುತ್ತೀರಿ.

ಟೊಮೇಟೊ ಮಂಡಿ: ಟೊಮೇಟೊ ಸುದ್ದಿಗೆ ಬರಬೇಡಿ. ಹೋದ ವಾರ 15 ಕೆಜಿ ಬಾಕ್ಸ್ ಯಾವ ರೇಟಿಗೆ ಹೋಯಿತು ಅಂತ ಹೇಳಲೂ ನಾಚಿಕೆ.

ಸರ್ವೆ ನಂಬರ್: ದಾಖಲೆ ಮಾತಾಡಿ. ಗ್ರಾಮ ನಕಾಶೆ ತೆಗೆಸಿ, ರಾಜಕಾಲುವೆ ಎಲ್ಲಿ ಹೋಗುತ್ತದೆ ನೋಡಿ. ಇ-ಖಾತೆ ಇದೆ ಅಂದರೆ ಎಲ್ಲ ಸರಿ ಅಂತಲ್ಲ. ನಾನು ನಕಾಶೆ ತೆಗೆಸದೆ ಅಡ್ವಾನ್ಸ್ ಕೊಟ್ಟು 4,00,000 ಕಳೆದುಕೊಂಡೆ. ಮಾರುವವನು ತೋರಿಸಿದ "ರಸ್ತೆ" ಮಳೆಗಾಲದಲ್ಲಿ ಕಾಲುವೆ. ಹಸಿರು ನ್ಯಾಯಮಂಡಳಿ ಕೆರೆಯಿಂದ 75 ಮೀಟರ್ ಬಿಡಬೇಕು ಅಂದಿದೆ.

ಏರಿ ಕೆಳಗಿನವನು: ಅದು 2016ರ ಆದೇಶ, ಬೆಂಗಳೂರಿಗೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟಿತು. ಸುಮ್ನೆ ಹೆದರಿಸಬೇಡಿ.

ಸರ್ವೆ ನಂಬರ್: ಹಾಗಾದರೆ ಅವರ ಅಡ್ವಾನ್ಸ್ ನೀವೇ ಕೊಟ್ಟುಬಿಡಿ.

ಊರಿಗೆ ಹೊಸಬಳು: ಎಲ್ಲರಿಗೂ ಧನ್ಯವಾದ. ಮಗಳ ಆಸ್ತಮಾ ಬಗ್ಗೆ ಯಾರೂ ಹೇಳಲಿಲ್ಲ.

ರೇಷ್ಮೆ ನೂಲು: ಅಕ್ಕಾ, ನನ್ನ ಮಗನಿಗೂ ಉಬ್ಬಸ ಇದೆ. ಅವನಿಗೆ ಕಾಟ ಕೊಟ್ಟದ್ದು ಗೋಡೆಯ ತೇವ, ಬೂಷ್ಟು. ಮೂಲೆಯ ಬೀರು ಸರಿಸಿ ಹಿಂದೆ ಮೂಸಿ ನೋಡಿ. ಬೆಳಗ್ಗೆ ಬೇಡ, ಮಳೆ ಬಂದ ಮಾರನೇ ದಿನ ಹೋಗಿ. ಡಾಕ್ಟರನ್ನೂ ಒಂದು ಮಾತು ಕೇಳಿ.

ಟೊಮೇಟೊ ಮಂಡಿ: ತೇವ ಅಂತ ನಾನು ಮೊದಲೇ ಹೇಳಲಿಲ್ಲವಾ? ಅಂದ ಹಾಗೆ ಅಕ್ಕಾ, ನನ್ನ ಮನೆಯೂ ಮಾರಾಟಕ್ಕಿದೆ. ಈಗ ಅಷ್ಟೇನೂ ತೇವ ಇಲ್ಲ.